ಮಸ್ಕಿಯ ಬಂಡೆ ಕೇಳಿದ ಪ್ರಶ್ನೆ

ಮೊನ್ನೆ ಮದ್ರಸದ ಮಕ್ಕಳನ್ನು ಕರಕೊಂಡು ಸಾಲಗುಂದದಿಂದ ಸಿಂಧನೂರಿಗೆ, ಅಲ್ಲಿಂದ ಮಸ್ಕಿಗೆ ಹೋಗಿದ್ದೆವು. ನೋಡಬೇಕಾಗಿದ್ದು ಅಶೋಕನ ಶಾಸನ.

ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರೆಂದು ಅಶೋಕನೇ ಬೇರೊಂದು ಶಾಸನದಲ್ಲಿ ಬರೆಸಿದ್ದಾನೆ. ಗೆದ್ದ ಅರಸ ಬೀಗಲಿಲ್ಲ, ಪಶ್ಚಾತ್ತಾಪಪಟ್ಟ.

ಮಸ್ಕಿಯ ಶಾಸನ 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಅದುವರೆಗಿನ ಶಾಸನಗಳಲ್ಲಿ ಬಿರುದುಗಳಷ್ಟೇ ಇದ್ದವು. ‘ಅಶೋಕ’ ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲೇ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ತಿರುಳು ಇಷ್ಟು: ಧರ್ಮದಲ್ಲಿ ನಡೆದರೆ ಸಣ್ಣವನೂ ಎತ್ತರಕ್ಕೇರಬಲ್ಲ, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು.

ಇದನ್ನು ವಿವರಿಸುತ್ತಿದ್ದಾಗ ಒಬ್ಬ ಹುಡುಗ ಕೇಳಿದ: “ಹಜರತ್, ನಮ್ಮನಿಗೆ ಕೂಲಿಗೆ ಬರೋರಿಗೆ ಬ್ಯಾರೆ ಲೋಟ ಯಾಕ ಇಟ್ಟಾರ್ರೀ?”

ನಾವು ಸುಮ್ಮನಾದೆವು. ಅರಬನಿಗೆ ಅರಬೇತರನಿಗಿಂತ ಶ್ರೇಷ್ಠತೆಯಿಲ್ಲ, ಭಯಭಕ್ತಿಯೊಂದೇ ಅಳತೆ ಎಂದು ಪ್ರವಾದಿ(ಸ) ಕೊನೆಯ ಹಜ್ಜಿನಲ್ಲಿ ಹೇಳಿದ್ದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವರು ನಾವೇ. ಆದರೆ ಅಡುಗೆಮನೆಯ ಮೂಲೆಯಲ್ಲಿರುವ ಆ ಲೋಟವನ್ನು ನಾವು ಯಾವತ್ತೂ ಪ್ರಶ್ನಿಸಿರಲಿಲ್ಲ.

ಸಮಾನತೆಯ ಭಾಷಣ ಆಮೇಲೆ ಮಾಡೋಣ. ಮೊದಲು ನಮ್ಮ ಮನೆಗಳಲ್ಲಿ ಬೇರೆ ಇಟ್ಟಿರುವ ಲೋಟ ತೆಗೆಯೋಣ.