ಚಳಿ, ಬಿಸಿಲು, ಮಳೆ ಮತ್ತು ನಮ್ಮ ಮೈಚರ್ಮ



ನಾನು ವೈದ್ಯನಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಚರ್ಮದ ವಿಷಯ ಮಾತಾಡಲು ಇವನಿಗೇನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವೇನೂ ಇಲ್ಲ. ಆದರೆ ಸಾವಿರಾರು ಹೆಬ್ಬೆರಳುಗಳನ್ನು ನನ್ನ ಕೈಯಲ್ಲಿ ಹಿಡಿದು ಕಾಗದದ ಮೇಲೆ ಒತ್ತಿಸಿದ್ದೇನೆ. ಕಾರ್ತಿಕ ಕಳೆದು ಚಳಿ ಬಿತ್ತೆಂದರೆ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸುವುದೇ ಒಂದು ಕಷ್ಟ. ಹತ್ತಿ ಬಿಡಿಸಿ ಬಂದ ಹೆಣ್ಣುಮಕ್ಕಳ ಬೆರಳುಗಳು ಸೀಳಿರುತ್ತಿದ್ದವು. ಮಸಿ ಸೀಳಿನೊಳಗೆ ಇಳಿದು, ಕಾಗದದ ಮೇಲೆ ಗೆರೆಗಳ ಬದಲು ಬರೀ ಕಪ್ಪು ಮುದ್ದೆ ಮೂಡುತ್ತಿತ್ತು. ಎರಡು ಸಲ, ಮೂರು ಸಲ ಒತ್ತಿಸಿ, ಕೊನೆಗೆ ಮ್ಯಾನೇಜರು ಸಾಕು ಬಿಡಿ ಎನ್ನುತ್ತಿದ್ದರು.

ಆಗ ಮ್ಯಾನೇಜರು ಮನುಷ್ಯರಾಗಿದ್ದರು, ಒಪ್ಪುತ್ತಿದ್ದರು. ಈಗ ಯಂತ್ರ ಒಪ್ಪುವುದಿಲ್ಲ. 2015ರ ಸುಮಾರಿಗೆ ನಮ್ಮ ರೇಷನ್ ಅಂಗಡಿಗಳಿಗೆ ಬೆರಳು ಒತ್ತುವ ಯಂತ್ರ ಬಂತು. ಅಕ್ಕಿಗೂ ಬೆರಳು, ಪಿಂಚಣಿಗೂ ಬೆರಳು. ಸೀಳಿದ, ಒಣಗಿದ, ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಮುದುಕಿ ಖಾಲಿ ಚೀಲದೊಂದಿಗೆ ಮನೆಗೆ ಹೋಗಬೇಕು. ಆದ್ದರಿಂದ ಚರ್ಮದ ಆರೈಕೆ ಎಂದರೆ ಪೇಟೆಯ ಹುಡುಗಿಯರ ಶೋಕಿ ಎಂದು ಯಾರೂ ತಿಳಿಯಬಾರದು. ಸಿ. ಬೆಳಗಲ್ಲಿನಲ್ಲಿ ಅದು ಅಕ್ಕಿಯ ಪ್ರಶ್ನೆ.

ಮೊದಲು ಚಳಿಗಾಲ. ಚರ್ಮದ ಮೇಲ್ಪದರವನ್ನು ಕಲ್ಲಿನ ಗೋಡೆಯ ಹಾಗೆ ಎಣಿಸಿಕೊಳ್ಳಿ. ಕಲ್ಲಿನ ಮಧ್ಯೆ ಇರುವ ಮಣ್ಣಿನಂತೆ ಚರ್ಮದ ಕಣಗಳ ಮಧ್ಯೆ ಜಿಡ್ಡು ಇರುತ್ತದೆ. ಆ ಜಿಡ್ಡು ಒಳಗಿನ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಮಾರ್ಗಶಿರ, ಪುಷ್ಯದ ಒಣಗಾಳಿ ನೀರನ್ನು ಎಳೆಯುತ್ತದೆ. ನಾವು ಸಹ ಸುಮ್ಮನಿರುವುದಿಲ್ಲ, ಕುದಿಯುವಂಥ ನೀರು ಹೊಯ್ದುಕೊಂಡು ಸೋಪು ತಿಕ್ಕಿ ಇದ್ದ ಜಿಡ್ಡನ್ನೂ ತೆಗೆಯುತ್ತೇವೆ. ಅದರಲ್ಲಿಯೂ ಬೋರಿನ ಗಡಸು ನೀರಿನಲ್ಲಿ ನೊರೆ ಬರುವುದಿಲ್ಲವೆಂದು ಇನ್ನಷ್ಟು ಸೋಪು ಹಚ್ಚುತ್ತೇವೆ. ಸೋಪಿನ ಅಂಟು ಮೈಮೇಲೆ ಉಳಿದು ತುರಿಕೆ ಶುರುವಾಗುತ್ತದೆ.

ಉಪಾಯ ಸುಲಭ. ಉಗುರುಬೆಚ್ಚಗಿನ ನೀರು ಸಾಕು. ಸೋಪನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಹಚ್ಚಿ, ಮಿಕ್ಕ ಮೈಗೆ ದಿನಾ ಬೇಡ. ಮೈ ಒರೆಸಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋಯಿತು. ಎಣ್ಣೆ ನೀರನ್ನು ಕೊಡುವುದಿಲ್ಲ, ಇದ್ದ ನೀರನ್ನು ಕಾಯುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಮೆಲ್ಲಗೆ ಕಲ್ಲಿನಿಂದ ತಿಕ್ಕಿ, ವ್ಯಾಸಲೀನ್ ತುಂಬಿ, ಹಳೆಯ ಕಾಲುಚೀಲ ಹಾಕಿ ಮಲಗಿ. ಸಕ್ಕರೆ ಕಾಯಿಲೆ ಇದ್ದವರು ಕಲ್ಲು, ಬ್ಲೇಡು ಮುಟ್ಟಬೇಡಿ. ಸೀಳಿನಲ್ಲಿ ಕೀವು ಕಂಡರೆ ಆಸ್ಪತ್ರೆಗೆ ಹೋಗಿ.

ಬೆರಳಿಗೂ ಇದೇ ಮಾತು. ರೇಷನ್ ದಿನಕ್ಕೆ ಒಂದು ವಾರ ಮುಂಚಿನಿಂದ ಪ್ರತಿ ರಾತ್ರಿ ಬೆರಳ ತುದಿಗೆ ಎಣ್ಣೆ ಹಚ್ಚಿ. ಆ ದಿನ ಬೆಳಿಗ್ಗೆ ಕೈ ತೊಳೆದು ಒರೆಸಿಕೊಂಡು ಹೋಗಿ, ಜಿಡ್ಡುಗೈಯಲ್ಲಿ ಒತ್ತಬೇಡಿ. ಆಗಲೂ ಬೀಳದಿದ್ದರೆ ಬೇರೆ ಬೆರಳು ಕೊಡಿ. ಆಧಾರಿನಲ್ಲಿ ಕಣ್ಣಿನ ಗುರುತು, ಮುಖದ ಗುರುತಿನ ವ್ಯವಸ್ಥೆಯೂ ಇದೆ. ಅದನ್ನು ಕೇಳಿ ಪಡೆಯಿರಿ, ಕೇಳದೆ ಯಾರೂ ಕೊಡುವುದಿಲ್ಲ.

ಇನ್ನು ವಲಸೆ ಹೋಗುವವರ ಮಾತು. ಆದೋನಿ, ಕೋಸಿಗಿ, ಮಂತ್ರಾಲಯದ ಕಡೆಯಿಂದ ಪ್ರತಿ ವರ್ಷ ಕುಟುಂಬಕ್ಕೆ ಕುಟುಂಬವೇ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವುದನ್ನು ನೀವು ಬಲ್ಲಿರಿ. ಅಲ್ಲಿನ ಗಾಳಿ ಬೇರೆ, ಸಮುದ್ರ ಹತ್ತಿರ, ತೇವ ಹೆಚ್ಚು. ಇಲ್ಲಿ ಒಡೆದ ಕೈಯನ್ನು ಅಲ್ಲಿ ಖಾರಕ್ಕೆ ಒಡ್ಡುತ್ತೀರಿ. ಖಾರದ ಸತ್ವ ನೀರಿನಲ್ಲಿ ಕರಗುವ ಪದಾರ್ಥವಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರು ಹೊಯ್ದರೆ ಉರಿ ಹರಡುತ್ತದೆ, ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಕೈಗೆ ಯಾವುದಾದರೂ ಅಡಿಗೆ ಎಣ್ಣೆ ತಿಕ್ಕಿ, ಬಟ್ಟೆಯಿಂದ ಒರೆಸಿ ತೆಗೆದು, ನಂತರ ಸೋಪು ಹಚ್ಚಿ ತೊಳೆಯಿರಿ. ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ, ಕೂಸನ್ನು ಎತ್ತಿಕೊಳ್ಳಬೇಡಿ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಇದಕ್ಕೆ ವಿರುದ್ಧ. ಹಸಿ ಸಿಮೆಂಟು ಸುಣ್ಣದ ಗುಣದ್ದು, ಚರ್ಮವನ್ನು ಸುಡುತ್ತದೆ. ಅದಕ್ಕೆ ಮೊದಲು ಧಾರಾಳವಾಗಿ ನೀರೇ ಬೇಕು, ಎಣ್ಣೆಯಲ್ಲ.

ಬೇಸಿಗೆಯಲ್ಲಿ ಚಳಿಗಾಲದ ಅಭ್ಯಾಸ ಬಿಡಬೇಕು. ಯುಗಾದಿಯ ನಂತರವೂ ಮೈಗೆ ದಪ್ಪಗೆ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಬೆವರು ಬರುವ ರಂಧ್ರಗಳು ಮುಚ್ಚಿಕೊಂಡು ಬೆವರುಸಾಲೆ ಏಳುತ್ತದೆ. ಮಗುವಿನ ಕತ್ತಿಗೆ ಪೌಡರನ್ನು ಗೋಡೆಗೆ ಸುಣ್ಣ ಬಳಿದಂತೆ ಬಳಿಯುವುದೂ ಅಷ್ಟೆ. ಎರಡು ಹೊತ್ತು ತಣ್ಣೀರು ಸ್ನಾನ, ತೆಳುವಾದ ಹತ್ತಿಬಟ್ಟೆ, ನಡುಮಧ್ಯಾಹ್ನ ನೆರಳು. ಇದಕ್ಕಿಂತ ದೊಡ್ಡ ಔಷಧಿ ನಾನು ಕಂಡಿಲ್ಲ. ಹತ್ತಿ ಬೆಳೆಯುವ ಸೀಮೆಯವರು ನಾವು ನೈಲಾನ್ ಉಡುವುದೇ ಒಂದು ವಿಚಿತ್ರ.

ಮೃಗಶಿರ ಮಳೆ ಬಿದ್ದಿತೆಂದರೆ ನನಗೆ ಹೆದರಿಕೆ ಗಜಕರ್ಣದ್ದು. ತೆಲುಗಿನಲ್ಲಿ ತಾಮರ ಎನ್ನುತ್ತೇವಲ್ಲ, ಅದೇ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ, ಒದ್ದೆ ಬಟ್ಟೆಯಲ್ಲಿ ದಿನಗಟ್ಟಲೆ ಇದ್ದವರಲ್ಲಿ ನಾನೂ ಒಬ್ಬ. ತೊಡೆಸಂದಿನಲ್ಲಿ ದುಂಡನೆಯ ಕೆಂಪು ಉಂಗುರ ಎದ್ದಿತು. ವೈದ್ಯರಿಗೆ ತೋರಿಸಲು ನಾಚಿಕೆ. ಔಷಧಿ ಅಂಗಡಿಯಲ್ಲಿ ಕೇಳಿದೆ, ಒಂದು ಟ್ಯೂಬು ಕೊಟ್ಟರು. ಎರಡೇ ದಿನದಲ್ಲಿ ತುರಿಕೆ ಮಾಯ! ಊರಿನವರಿಗೆಲ್ಲ ಅದೇ ಟ್ಯೂಬಿನ ಹೆಸರು ಹೇಳಿದೆ. ಹಚ್ಚುವುದು ಬಿಟ್ಟರೆ ಮತ್ತೆ ಬಂತು, ಮೊದಲಿಗಿಂತ ದೊಡ್ಡದಾಗಿ. ಹೀಗೆ ಎಂಟು ತಿಂಗಳು. ಚರ್ಮ ಸಿಗರೇಟು ಕಾಗದದಷ್ಟು ತೆಳುವಾಗಿ, ಗೆರೆಗೆರೆಯಾಗಿ ಹರಿಯಿತು. ಆ ಗೆರೆಗಳು ಇಂದಿಗೂ ಇವೆ.

ಆ ಮುಲಾಮಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಅದು ತುರಿಕೆ, ಕೆಂಪನ್ನು ಅಡಗಿಸುತ್ತದೆ. ಆದರೆ ದೇಹದ ಕಾವಲನ್ನು ಮಲಗಿಸಿ, ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತದೆ. ಕಳ್ಳನಿದ್ದಾಗ ನಾಯಿಯ ಬಾಯಿ ಕಟ್ಟಿದ ಹಾಗೆ. ಇಂಥ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ವಿಧಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಮಿಶ್ರ ಔಷಧಿಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಇಂಥ ಕೆಲವು ಚರ್ಮದ ಮುಲಾಮುಗಳೂ ಇದ್ದವು. ಆದರೂ ಕೇಳಿದವರಿಗೆ ಸಿಗುವುದು ನಿಂತಿಲ್ಲ. ಮುಖ ಬೆಳ್ಳಗಾಗಲು ಇದನ್ನೇ ಹಚ್ಚುವ ಮದುವೆಯ ಹುಡುಗಿಯರೂ ಇದ್ದಾರೆ. ಬಿಟ್ಟ ಕೂಡಲೇ ಮುಖ ಕೆಂಪೇರಿ ಉರಿಯುತ್ತದೆ, ಮೊಡವೆ ಏಳುತ್ತವೆ.

ಗಜಕರ್ಣಕ್ಕೆ ಬೇಕಾದದ್ದು ಶಿಲೀಂಧ್ರವನ್ನು ಕೊಲ್ಲುವ ಮದ್ದು ಮಾತ್ರ. ಉಂಗುರದ ಅಂಚಿನ ಆಚೆಗೂ ಒಂದು ಬೆರಳಗಲ ಹಚ್ಚಬೇಕು. ಮಾಯವಾದ ಮೇಲೂ ಎರಡು ವಾರ ಬಿಡಬಾರದು. ಒಂದೇ ಟವೆಲಿನಲ್ಲಿ ಮನೆಮಂದಿಯೆಲ್ಲ ಒರೆಸಿಕೊಂಡರೆ ಮದ್ದು ವ್ಯರ್ಥ. ಒಳಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಹೆಂಗಸರು ನಾಚಿಕೆಯಿಂದ ಲಂಗ, ಒಳಬಟ್ಟೆಗಳನ್ನು ಸೀರೆಯ ಕೆಳಗೆ ನೆರಳಲ್ಲಿ ಒಣಗಿಸುತ್ತಾರೆ, ಅದು ಒದ್ದೆಯಾಗಿಯೇ ಉಳಿಯುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದಿದ್ದರೆ ಎಲ್ಲರೂ ಒಟ್ಟಿಗೆ ತೋರಿಸಿಕೊಳ್ಳಿ.

ಇನ್ನೊಂದು ಮಾತು. ತುರಿಕೆಯಿಲ್ಲದ, ಮುಟ್ಟಿದರೂ ಚುಚ್ಚಿದರೂ ತಿಳಿಯದ ಬಿಳಿಚು ಮಚ್ಚೆ ಇದ್ದರೆ ಅದು ಗಜಕರ್ಣವಲ್ಲ, ಕುಷ್ಠವಿರಬಹುದು. ಭಯ ಬೇಡ. ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಬೇಗ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ.

ಟ್ಯೂಬಿನ ಮೇಲೆ ಅಚ್ಚಾಗಿರುವುದು ಇಂಗ್ಲಿಷಿನಲ್ಲಿ, ಬಹಳ ಸಣ್ಣ ಅಕ್ಷರದಲ್ಲಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಈ ಮೂರು ಹೆಸರುಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೋ ತೆಲುಗಿನಲ್ಲೋ ಬರೆದಿಟ್ಟುಕೊಳ್ಳಿ. ಅಂಗಡಿಯವರು ಟ್ಯೂಬು ಕೊಟ್ಟಾಗ ಶಾಲೆಗೆ ಹೋಗುವ ಹುಡುಗರ ಕೈಯಲ್ಲಿ ಕೊಟ್ಟು, ಇದರಲ್ಲಿ ಈ ಹೆಸರು ಇದೆಯೇ ಓದಪ್ಪಾ ಎಂದು ಕೇಳಿ. ಇದ್ದರೆ ಅಲ್ಲಿಯೇ ವಾಪಸು ಕೊಟ್ಟು ಬನ್ನಿ.