ಊರು ಆರಿಸಿದರೆ ಇಡೀ ಪುಟವೇ ಏಕೆ ಮಾಯವಾಗಬೇಕು?



ನಿಮ್ಮೂರಿನ ಕನ್ನಡ ಸಂಘದ ಜಾಲತಾಣದಲ್ಲಿ ಮೆಚ್ಚಿನ ಹಾಡು ಕೋರುವ ಫಾರ್ಮ್ ಒಂದಿದೆ ಎನ್ನಿ. ಹೆಸರು ಬರೆದಿರಿ. ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆಂದು ನಾಲ್ಕು ಸಾಲಿನ ಸಂದೇಶವನ್ನು ಕಷ್ಟಪಟ್ಟು ಕನ್ನಡದಲ್ಲೇ ಟೈಪ್ ಮಾಡಿದಿರಿ. ಆಮೇಲೆ ನಗರಗಳ ಪಟ್ಟಿಯಲ್ಲಿ 'ಮುಂಬಯಿ' ಆರಿಸಿದಿರಿ. ಬಡಾವಣೆಗಳ ಪಟ್ಟಿ ಬರಬೇಕಲ್ಲ, ಅದಕ್ಕಾಗಿ ಇಡೀ ಪುಟ ಬೆಳ್ಳಗಾಗಿ, ಮತ್ತೆ ಮೊದಲಿನಿಂದ ತೆರೆದುಕೊಂಡಿತು. ಮಾಟುಂಗಾ, ಮುಲುಂಡ್, ಗೋರೆಗಾಂವ್ ಎಲ್ಲ ಬಂದವು, ಸಂದೇಶ ಮಾತ್ರ ಹೋಯಿತು. ಎರಡನೇ ಸಲ ಬರೆಯುವ ತಾಳ್ಮೆ ಎಷ್ಟು ಜನರಿಗಿರುತ್ತದೆ ಹೇಳಿ? ಆ ಅಮ್ಮನ ಹಾಡು ನಮ್ಮ ತನಕ ಬರುವುದೇ ಇಲ್ಲ.

ಹೀಗಾಗದಂತೆ ನೋಡಿಕೊಳ್ಳುವ ಉಪಾಯಕ್ಕೆ ತಂತ್ರಜ್ಞರು 'ಅಸಿಂಕ್ರೋನಸ್' ಎನ್ನುತ್ತಾರೆ. ಹೆಸರು ಭಾರ, ಸಂಗತಿ ಸುಲಭ. ಇತ್ತ ಹಾಡು ಪ್ರಸಾರವಾಗುತ್ತಿರುವಾಗಲೇ ಅತ್ತ ನಾವು ಮುಂದಿನ ಕರೆ ತೆಗೆದುಕೊಂಡು ಹೆಸರು, ಊರು ಕೇಳಿ ಬರೆದುಕೊಳ್ಳುತ್ತೇವಲ್ಲ, ಹಾಗೆ. ಕರೆಗಾಗಿ ಹಾಡು ನಿಲ್ಲುವುದಿಲ್ಲ. ಬ್ರೌಸರ್ ಕೂಡ ಪುಟವನ್ನು ಹಾಗೆಯೇ ಬಿಟ್ಟು, ಹಿನ್ನೆಲೆಯಲ್ಲಿ ಸರ್ವರ್ ಜೊತೆ ಮಾತಾಡಿ, ಬೇಕಾದ ಚೂರನ್ನಷ್ಟೇ ತಂದು ಅಂಟಿಸುತ್ತದೆ. ಇದಕ್ಕೆ ಬೇಕಾದ ಸಲಕರಣೆ 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಇತ್ತು. 'ಅಜಾಕ್ಸ್' ಎಂಬ ಹೆಸರನ್ನು 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಕೊಟ್ಟರು.

ಸಂಘದ ಜಾಲತಾಣವನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ಐಟಿ ಮಿತ್ರರು ನಮ್ಮ ಕೇಳುಗರಲ್ಲಿ ಕಡಿಮೆಯೇನಿಲ್ಲ. ಆದ್ದರಿಂದ ಒಂದು ನಿಜವಾದ ವ್ಯವಸ್ಥೆಯನ್ನೇ ಹಿಡಿದು ನೋಡೋಣ. ಅದು ಡ್ರೂಪಾಲ್. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರಲ್ಲಿ ಬಿಡುಗಡೆ ಮಾಡಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ವಿಷಯ ನಿರ್ವಹಣಾ ತಂತ್ರಾಂಶ. ಇದರಲ್ಲಿ ಫಾರ್ಮ್‌ಗಳನ್ನು ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಬರೆಯುವುದಿಲ್ಲ. 'ನಗರ' ಎಂಬ ಅಂಶ, ಅದರ ಬಗೆ ಆಯ್ಕೆ ಪಟ್ಟಿ, ಅದರ ಆಯ್ಕೆಗಳು ಇವು ಎಂದು ಪಿಎಚ್‌ಪಿಯಲ್ಲಿ ವಿವರಿಸುತ್ತೇವೆ; ಪುಟ ಕಟ್ಟುವುದು ಡ್ರೂಪಾಲ್ ಕೆಲಸ. 2008ರ ಆರನೇ ಆವೃತ್ತಿಯಲ್ಲಿ ಆ ವಿವರಣೆಗೆ 'ಅಹಾ' ಎಂದು ಓದಬಹುದಾದ ಒಂದು ಗುಣ ಸೇರಿತು. (ಕನ್ನಡಿಗರಿಗೆ ಹೇಳಿ ಮಾಡಿಸಿದ ಹೆಸರು! ಉಳಿಯಲಿಲ್ಲ, ಪಾಪ.) 2011ರ ಏಳನೇ ಆವೃತ್ತಿಯಿಂದ ಅದರ ಹೆಸರು 'ಅಜಾಕ್ಸ್'.

ಈ ಗುಣಕ್ಕೆ ಮುಖ್ಯವಾಗಿ ಎರಡು ವಿಷಯ ತಿಳಿಸಬೇಕು. ಬದಲಾದ ಚೂರನ್ನು ಹಿಂದಿರುಗಿಸುವ ಕಾರ್ಯ ಯಾವುದು, ಅಂದರೆ 'ಕಾಲ್‌ಬ್ಯಾಕ್'. ಆ ಚೂರು ಪುಟದ ಯಾವ ಜಾಗದಲ್ಲಿ ಕೂರಬೇಕು, ಅಂದರೆ 'ವ್ರ್ಯಾಪರ್'. ಇಷ್ಟು ಹೇಳಿದರೆ ಜಾವಾಸ್ಕ್ರಿಪ್ಟಿನ ಒಂದು ಸಾಲೂ ನೀವು ಬರೆಯಬೇಕಿಲ್ಲ.

ಹೊಸಬರು ಎಡವುವುದು ಇಲ್ಲೇ. ಕಾಲ್‌ಬ್ಯಾಕ್ ಎಂದಕೂಡಲೇ ಬಡಾವಣೆಗಳ ಹೊಸ ಪಟ್ಟಿಯನ್ನು ಅದರೊಳಗೇ ತಯಾರಿಸಲು ಕೂರುತ್ತಾರೆ. ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕೇಳುಗರು ಮಾಟುಂಗಾ ಆರಿಸಿ 'ಕಳುಹಿಸಿ' ಒತ್ತಿದಾಗ ಮಾತ್ರ ಡ್ರೂಪಾಲ್ ಆ ಆಯ್ಕೆಯನ್ನು ಒಪ್ಪದೆ ಗದರುತ್ತದೆ. ಪಟ್ಟಿಯಲ್ಲಿ ಇದ್ದದ್ದನ್ನೇ ಆರಿಸಿದವರನ್ನು ಕಳ್ಳರಂತೆ ನಿಲ್ಲಿಸಿದಂತಾಯಿತು.

ಕಾರಣ ಇಷ್ಟೇ. ನಗರ ಬದಲಾದ ಕ್ಷಣ ಬ್ರೌಸರ್ ಫಾರ್ಮ್‌ನಲ್ಲಿ ತುಂಬಿದ್ದನ್ನೆಲ್ಲ ಸರ್ವರಿಗೆ ಕಳುಹಿಸುತ್ತದೆ. ಜೊತೆಗೆ ಫಾರ್ಮ್‌ನ ಗುರುತಿನ ಚೀಟಿಯೂ ಹೋಗುತ್ತದೆ. ಸರ್ವರ್ ಆ ಚೀಟಿ ನೋಡಿ, ಹೊಸ ನಗರವನ್ನು ಗಮನದಲ್ಲಿಟ್ಟುಕೊಂಡು ಇಡೀ ಫಾರ್ಮ್ ಅನ್ನು ಮತ್ತೊಮ್ಮೆ ಕಟ್ಟುತ್ತದೆ. ಕಾಲ್‌ಬ್ಯಾಕ್‌ನ ಸರದಿ ಬರುವುದು ಅದಾದ ಮೇಲೆ. ಅಡುಗೆಮನೆಯಲ್ಲಿ ಊಟ ಸಿದ್ಧವಾಗಿದೆ, ಬಡಿಸುವವರು ಬಂದು ಪಲ್ಯದ ಪಾತ್ರೆ ಎತ್ತಿಕೊಂಡು ಹೋಗುತ್ತಾರೆ, ಅಷ್ಟೆ. ಪಂಕ್ತಿಯ ಮಧ್ಯೆ ನಿಂತು ಅವರೇ ಒಗ್ಗರಣೆ ಹಾಕಲು ಹೊರಟರೆ ಆ ಪದಾರ್ಥ ಅಡುಗೆಯವರ ಲೆಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ನಗರ ನೋಡಿ ಬಡಾವಣೆ ನಿರ್ಧರಿಸುವ ಕೆಲಸ ಫಾರ್ಮ್ ಕಟ್ಟುವ ಕಾರ್ಯದೊಳಗೇ ಆಗಬೇಕು. ಕಾಲ್‌ಬ್ಯಾಕ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಸಾಕು: ಬಡಾವಣೆಯ ಅಂಶವನ್ನು ಹಿಂದಿರುಗಿಸು.

ಈ ಬಿಗಿ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಬ್ರೌಸರಿನಲ್ಲಿರುವ ಪಟ್ಟಿಯನ್ನು ಯಾರು ಬೇಕಾದರೂ ತಿದ್ದಿ ಕಳುಹಿಸಬಹುದು. ತಾನು ಕೊಟ್ಟ ಆಯ್ಕೆಯೇ ವಾಪಸು ಬಂದಿದೆಯೇ ಎಂದು ಸರ್ವರ್ ನೋಡದಿದ್ದರೆ ಇಂದು ಬಡಾವಣೆ, ನಾಳೆ ಸದಸ್ಯತ್ವದ ಶುಲ್ಕ.

ವ್ರ್ಯಾಪರ್ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಬಡಾವಣೆಯ ಪಟ್ಟಿಗೆ ಮಾತ್ರ ಸುತ್ತಿ. ಇಡೀ ಫಾರ್ಮ್‌ಗೆ ಸುತ್ತಿದರೂ ಕೆಲಸ ನಡೆಯುತ್ತದೆ. ಆದರೆ ಉತ್ತರ ಬರುವ ಆ ಒಂದೆರಡು ಕ್ಷಣಗಳಲ್ಲಿ ಸಂದೇಶದ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಅಕ್ಷರಗಳು ಅಳಿಸಿಹೋಗುತ್ತವೆ. ಲೋಕಲ್ ರೈಲಿನಲ್ಲಿ ಕುಳಿತು ಮೊಬೈಲಿನಲ್ಲಿ ತುಂಬುವವರಿಗೆ ಆ ಒಂದೆರಡು ಕ್ಷಣ ಹತ್ತಾಗಬಹುದು.

ಸರ್ವರಿಗೆ ಯಾವಾಗ ಸುದ್ದಿ ಮುಟ್ಟಿಸಬೇಕು ಎಂಬುದನ್ನೂ ಆರಿಸಿಕೊಳ್ಳಬಹುದು. ಆಯ್ಕೆ ಪಟ್ಟಿಗಾದರೆ ಆಯ್ಕೆ ಬದಲಾದಾಗ, ಬರೆಯುವ ಪೆಟ್ಟಿಗೆಗಾದರೆ ಅದನ್ನು ಬಿಟ್ಟು ಹೊರಬಂದಾಗ, ಇದು ಡ್ರೂಪಾಲ್ ತಾನಾಗಿ ಇಟ್ಟುಕೊಂಡ ಪದ್ಧತಿ. ಚುರುಕು ತೋರಿಸಲೆಂದು ಕೆಲವರು ಪ್ರತಿ ಕೀಲಿ ಒತ್ತಿದಾಗಲೂ ಕಳುಹಿಸುವಂತೆ ಬದಲಿಸುತ್ತಾರೆ. ಕನ್ನಡಕ್ಕೆ ಇದು ಸಲ್ಲದು. ಉಚ್ಚಾರಣೆಯ ಪ್ರಕಾರ ಬೆರಳಾಡಿಸಿ 'ಸ್ತ್ರೀ' ಎಂದು ಮೂಡಿಸಲು ನಾಲ್ಕು ಕೀಲಿ ಬೇಕು: ಸ್, ಸ್ತ್, ಸ್ತ್ರ್, ಆಮೇಲೆ ಸ್ತ್ರೀ. ಒಂದು ಅಕ್ಷರಕ್ಕೆ ನಾಲ್ಕು ಸಲ ಸರ್ವರಿಗೆ ಓಟ. ಅದರಲ್ಲಿ ಮೂರು ಸಲ ಅರ್ಧಂಬರ್ಧ ಅಕ್ಷರ ಹೊತ್ತು! ತಾನಾಗಿ ಇದ್ದ ಪದ್ಧತಿಯನ್ನೇ ಉಳಿಸಿಕೊಳ್ಳಿ.

ಇನ್ನೊಂದು ಮಾತು, ರೇಡಿಯೋದವಳಾಗಿ ನನಗೆ ಮುಖ್ಯವಾದದ್ದು. ಕಣ್ಣು ಕಾಣದ ಕೇಳುಗರು ಪರದೆ ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಪುಟವೇ ಬದಲಾದರೆ ಅದು ಓದುತ್ತದೆ. ಮೂಲೆಯಲ್ಲೊಂದು ಪಟ್ಟಿ ಸದ್ದಿಲ್ಲದೆ ಬದಲಾದರೆ ಅವರಿಗೆ ತಿಳಿಯುವುದೇ ಇಲ್ಲ. ಇದಕ್ಕೆಂದೇ ಎಂಟನೇ ಆವೃತ್ತಿಯಿಂದ ಡ್ರೂಪಾಲ್‌ನಲ್ಲಿ 'ಅನೌನ್ಸ್' ಎಂಬ ಸೌಲಭ್ಯವಿದೆ. 'ಬಡಾವಣೆಗಳ ಪಟ್ಟಿ ಸಿದ್ಧವಾಗಿದೆ' ಎಂದು ಬರೆದುಕೊಟ್ಟರೆ ಆ ತಂತ್ರಾಂಶ ಅದನ್ನು ಗಟ್ಟಿಯಾಗಿ ಹೇಳುತ್ತದೆ. ನಮ್ಮ ವೃತ್ತಿಯವರು ಅಲ್ಲಿಯೂ ಒಬ್ಬರಿದ್ದಾರೆ ಅನ್ನಿ.

ಎಲ್ಲದಕ್ಕೂ ಸರ್ವರಿನ ಕದ ತಟ್ಟಬೇಕೆಂದೂ ಇಲ್ಲ. 'ಹುಟ್ಟುಹಬ್ಬದ ಶುಭಾಶಯವೇ?' ಎಂಬಲ್ಲಿ ಗುರುತು ಹಾಕಿದರೆ ಮಾತ್ರ ಹುಟ್ಟುಹಬ್ಬದವರ ಹೆಸರಿನ ಪೆಟ್ಟಿಗೆ ಕಾಣಬೇಕು ಎನ್ನಿ. ಅದಕ್ಕೆ 'ಸ್ಟೇಟ್ಸ್' ಎಂಬ ಬೇರೆ ಗುಣವಿದೆ. ಪೆಟ್ಟಿಗೆ ಮೊದಲೇ ಪುಟದಲ್ಲಿ ಅಡಗಿರುತ್ತದೆ, ಗುರುತು ಬಿದ್ದೊಡನೆ ಬ್ರೌಸರೇ ತೆರೆದು ತೋರಿಸುತ್ತದೆ. ನೆಟ್‌ವರ್ಕ್ ಸಿಗದ ಸುರಂಗದಲ್ಲೂ ಅದು ತೆರೆದುಕೊಳ್ಳುತ್ತದೆ.