ಹಿರಿಯರು ಹಾಕಿಸಿದ ಸಹಿ

ಹಜಾರದಲ್ಲಿ ಚಾಪೆ ಹಾಸಿದೆ. ಒಂದು ಬದಿಗೆ ಗಂಡಿನ ಕಡೆಯವರು, ಎದುರಿಗೆ ಹೆಣ್ಣಿನ ಕಡೆಯವರು. ಕಾಫಿ ಲೋಟಗಳ ನಡುವೆ ಟೈಪು ಮಾಡಿಸಿ ತಂದ ಛಾಪಾ ಕಾಗದ. ಮಾತೆಲ್ಲ ಸೋದರಮಾವನದು, ದೊಡ್ಡಪ್ಪನದು, ಭಾವನದು. ಬಾಳುವೆ ಮಾಡಬೇಕಾದ ಇಬ್ಬರೂ ಗೋಡೆಗೊರಗಿ ಕೂತಿದ್ದಾರೆ. ಅವರನ್ನು ಯಾರೂ ಏನೂ ಕೇಳಿಲ್ಲ. ಕೊನೆಗೆ ಪೆನ್ನು ಮಾತ್ರ ಅವರ ಕೈಗೆ ಬರುತ್ತದೆ. "ಸುಮ್ನೆ ಸೈನ್ ಹಾಕಮ್ಮ, ಮುಂದಿಂದು ನಾವು ನೋಡ್ಕೋತೀವಿ."

ಉತ್ತರ ಕರ್ನಾಟಕದ ಕಡೆ ಇಂಥ ಕಾಗದಕ್ಕೆ ಸೋಡಚೀಟಿ ಎನ್ನುತ್ತಾರೆ. ಬೇರೆ ಕಡೆ ಬಿಡುಗಡೆ ಪತ್ರ. ನೋಟರಿಯ ಮೊಹರು, ಐದಾರು ಸಾಕ್ಷಿಗಳ ಸಹಿ ಎಲ್ಲ ಇದ್ದರೂ ಅಷ್ಟರಿಂದಲೇ ಹಿಂದೂ ಮದುವೆ ಮುರಿಯುವುದಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 29ನೇ ಸೆಕ್ಷನ್ ರೂಢಿಯ ವಿಚ್ಛೇದನಕ್ಕೆ ಜಾಗ ಉಳಿಸಿದೆ, ನಿಜ. ಆದರೆ ತಮ್ಮ ಸಮುದಾಯದಲ್ಲಿ ಅಂಥ ರೂಢಿ ಇದೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಹೀಗೇ ಹೇಳಿತು. ಸಾಬೀತಾಗದೆ ಹೋದರೆ ಮೊದಲ ಮದುವೆ ಹಾಗೇ ಇರುತ್ತದೆ. ಕಾಗದ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧು, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು. ಪಂಚಾಯ್ತಿ ಮಾಡಿದ ದೊಡ್ಡಪ್ಪನಿಗಿಂತ ಮೊದಲು ಕಟಕಟೆ ಹತ್ತಬೇಕಾಗುವುದು ಸಹಿ ಹಾಕಿದ ಹುಡುಗನೇ.

ಕೋರ್ಟಿನ ದಾರಿ ಬೇರೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಗಂಡ ಹೆಂಡತಿ ಒಂದು ವರ್ಷವಾದರೂ ಬೇರೆ ಬಾಳಿರಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು, 6 ತಿಂಗಳು ಕಳೆದ ಮೇಲೆ 18 ತಿಂಗಳೊಳಗೆ ಬಂದು ಅದೇ ಮಾತನ್ನು ಮತ್ತೆ ಹೇಳಬೇಕು. ಇದು 13-ಬಿ ಸೆಕ್ಷನ್, ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು 23ನೇ ಸೆಕ್ಷನ್. ಈ ಒಪ್ಪಿಗೆ ಬಲವಂತದಿಂದಾಗಲಿ, ಮೋಸದಿಂದಾಗಲಿ, ಅನುಚಿತ ಪ್ರಭಾವದಿಂದಾಗಲಿ ಪಡೆದದ್ದಲ್ಲ ಎಂದು ನ್ಯಾಯಾಧೀಶರಿಗೆ ಖಾತ್ರಿಯಾಗದೆ ಡಿಕ್ರಿ ಕೊಡುವಂತಿಲ್ಲ. ವಿಶೇಷ ವಿವಾಹ ಕಾಯ್ದೆಯಲ್ಲೂ ಇದೇ ಮಾತಿದೆ.

ಅನುಚಿತ ಪ್ರಭಾವ ಎಂದಾಗ ಹೊಡೆತ ಬಡಿತ ಇರಲೇಬೇಕೆಂದಿಲ್ಲ. "ನೀನು ಸೈನ್ ಹಾಕ್ದೇ ಹೋದ್ರೆ ತಂಗಿಗೆ ಗಂಡು ಸಿಗಲ್ಲ", "ಆಸ್ತೀಲಿ ಬಿಡಿಗಾಸು ಕೊಡಲ್ಲ", "ನಾನು ವಿಷ ಕುಡೀತೀನಿ". ಅನ್ನಕ್ಕೆ, ಸೂರಿಗೆ, ಮಕ್ಕಳ ಫೀಸಿಗೆ ಯಾರನ್ನು ನೆಚ್ಚಿಕೊಂಡಿದ್ದೇವೋ ಅವರು ಆ ನೆಚ್ಚಿಕೆಯನ್ನೇ ಹಿಡಿದು ಮಣಿಸಿದರೆ, ಅದು ಈ ಮಾತಿನೊಳಗೆ ಬರಬಹುದು.

ಹಿಮಾಚಲ ಪ್ರದೇಶದ ಮಹಿಳೆಯೊಬ್ಬರು 1985ರ ಜನವರಿ 8ರಂದು ಗಂಡನೊಡನೆ ಇಂಥ ಅರ್ಜಿ ಸಲ್ಲಿಸಿದರು. ಒಂದು ವಾರಕ್ಕೆ, 15ರಂದು, ಅದೇ ಕೋರ್ಟಿಗೆ ಮರಳಿ ಬಂದರು. ತಾನು ಕೊಟ್ಟ ಹೇಳಿಕೆ ಗಂಡನ ಒತ್ತಡ, ಬೆದರಿಕೆಯಿಂದ ಕೊಟ್ಟದ್ದು. ತನ್ನ ಕಡೆಯವರನ್ನು ಕಂಡು ಒಂದು ಮಾತು ಕೇಳಲೂ ಬಿಡಲಿಲ್ಲ ಎಂದರು. ಜಿಲ್ಲಾ ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು. ಹೈಕೋರ್ಟು ಅದನ್ನು ತಿರುಗಿಸಿ ವಿಚ್ಛೇದನ ಕೊಟ್ಟಿತು. 1991ರಲ್ಲಿ ಸುಪ್ರೀಂ ಕೋರ್ಟು ಮಹಿಳೆಯ ಮಾತನ್ನೇ ಎತ್ತಿಹಿಡಿಯಿತು: ಒಪ್ಪಿಗೆ ಡಿಕ್ರಿಯ ದಿನದವರೆಗೂ ಉಳಿದಿರಬೇಕು, ಅದಕ್ಕೂ ಮುಂಚೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿದರೂ ಕೋರ್ಟು ವಿಚ್ಛೇದನ ಕೊಡುವಂತಿಲ್ಲ. ಅಲ್ಲಿ ಒತ್ತಡ ಗಂಡನದು. ಆದರೆ ಆ ತೀರ್ಪು ಅತ್ತೆಯ ಒತ್ತಡಕ್ಕೆ ಸಿಕ್ಕಿದ ಸೊಸೆಗೂ, ಅಪ್ಪನ ಹಟಕ್ಕೆ ಸಿಕ್ಕಿದ ಮಗನಿಗೂ ಅಷ್ಟೇ ಸಲ್ಲುತ್ತದೆ.

ಒಂದು ಎಚ್ಚರಿಕೆ. ಆ 6 ತಿಂಗಳನ್ನು ಸೂಕ್ತ ಕಂಡಲ್ಲಿ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಜವಾಗಿ ಬೇಸತ್ತವರಿಗೆ ಅದು ದೊಡ್ಡ ಉಪಕಾರ. ಮನೆಯವರ ಹೆದರಿಕೆಯಲ್ಲಿ ಬಂದವರಿಗೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳುವ ಕಾಲ ಕಡಿಮೆಯಾಯಿತು. ಡಿಕ್ರಿ ಆದ ಮೇಲೆ ಕಷ್ಟ ಹೆಚ್ಚು: ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ ಎಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಆಗ ಒಪ್ಪಿಗೆಯನ್ನೇ ಮೋಸದಿಂದ ಪಡೆದರು ಎಂದು ತೋರಿಸಿಕೊಡುವ ಹೊರೆ ಸಹಿ ಹಾಕಿದವರ ಮೇಲೇ ಬೀಳುತ್ತದೆ.

ಹಾಗಾದರೆ ಒತ್ತಡ ಹಾಕಿದ ನೆಂಟರಿಗೆ ಏನೂ ಇಲ್ಲವೆ? ಬುದ್ಧಿ ಹೇಳುವುದು ಅಪರಾಧವಲ್ಲ. ದಿನಾ ಪೆಟ್ಟು ತಿನ್ನುವ ಮಗಳಿಗೆ "ಬಂದ್ಬಿಡು ಮಗಳೇ, ಕೋರ್ಟಿಗೆ ಹೋಗೋಣ" ಎಂದ ತಂದೆ ತಪ್ಪಿತಸ್ಥನಲ್ಲ. ಅಂಥ ಮಾತು ಎಷ್ಟೋ ಜೀವ ಉಳಿಸಿದೆ. ಬುದ್ಧಿಮಾತು ಬೆದರಿಕೆಯಾದಾಗ ಕಾನೂನು ಒಳಗೆ ಬರುತ್ತದೆ. ಬೆದರಿಸಿದರೆ ನ್ಯಾಯ ಸಂಹಿತೆಯ 351, ಶಿಕ್ಷೆ 2 ವರ್ಷದವರೆಗೆ; ಕೊಲ್ಲುತ್ತೇನೆಂದು ಬೆದರಿಸಿದರೆ 7 ವರ್ಷದವರೆಗೆ. ಕೋಣೆಯಲ್ಲಿ ಕೂಡಿಹಾಕಿದರೆ 127. ಗಂಡನಾಗಲಿ ಅವನ ನೆಂಟರಾಗಲಿ ಹೆಂಡತಿಗೆ ಕ್ರೌರ್ಯ ಎಸಗಿದರೆ 85, ಶಿಕ್ಷೆ 3 ವರ್ಷದವರೆಗೆ. ಈ 85 ಹೆಣ್ಣಿನ ತವರಿನವರಿಗೆ ಅನ್ವಯಿಸದು. ಬೆದರಿಕೆ, ಕೂಡಿಹಾಕುವಿಕೆಯ ಸೆಕ್ಷನ್‌ಗಳಲ್ಲಿ ಅಂಥ ಭೇದವಿಲ್ಲ. ಹೆತ್ತವರಾದರೂ ಅಷ್ಟೇ, ನೊಂದವನು ಗಂಡನಾದರೂ ಅಷ್ಟೇ.

ಜೈಲಿಗೆ ಕಳಿಸುವುದು ಬೇಡ, ಕಾಟ ನಿಂತರೆ ಸಾಕು ಎನ್ನುವ ಹೆಣ್ಣುಮಕ್ಕಳೇ ಹೆಚ್ಚು. ಅವರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಒಳ್ಳೆಯದು. ಮಕ್ಕಳಾಗಲಿಲ್ಲ, ಗಂಡು ಹುಟ್ಟಲಿಲ್ಲ ಎಂದು ಹಂಗಿಸುವುದನ್ನೂ ಅದು ಹೆಸರಿಟ್ಟು ಹಿಂಸೆ ಎಂದಿದೆ. ಎಷ್ಟೋ ಮನೆಯಲ್ಲಿ "ಬಿಟ್ಟುಬಿಡು, ಬೇರೆ ಮಾಡ್ಕೋ" ಎಂಬ ಮಾತು ಶುರುವಾಗುವುದೇ ಅಲ್ಲಿಂದ. ಮುಂಚೆ ವಯಸ್ಕ ಗಂಡಸರ ಮೇಲಷ್ಟೇ ದೂರು ಎಂಬಂತಿದ್ದ ಪದಗಳನ್ನು ಸುಪ್ರೀಂ ಕೋರ್ಟು 2016ರಲ್ಲಿ ತೆಗೆದುಹಾಕಿದ್ದರಿಂದ ಈಗ ಅತ್ತೆ, ನಾದಿನಿಯ ಮೇಲೂ ರಕ್ಷಣಾ ಆದೇಶ ಕೇಳಬಹುದು. ತವರಿನಲ್ಲೇ ಕಾಟವಿದ್ದರೆ ಅಪ್ಪ, ಅಣ್ಣನ ಮೇಲೂ.

ಜಾತಿ ಮೀರಿ ಮದುವೆಯಾದವರ ಪಾಡು ಇನ್ನೂ ಕಠಿಣ, ಏಕೆಂದರೆ ಅಲ್ಲಿ ಠಾಣೆಯೂ ಕೆಲವೊಮ್ಮೆ ಮನೆಯವರ ಕಡೆ ವಾಲುತ್ತದೆ. ಬೆಳಗಾವಿ ಕಡೆಯ ಉಪನ್ಯಾಸಕಿಯೊಬ್ಬರು ತಾವೇ ಮೆಚ್ಚಿದವರನ್ನು ಮದುವೆಯಾಗಿ ಊರು ಬಿಟ್ಟಾಗ ಮನೆಯವರು ನಾಪತ್ತೆ ದೂರು ಕೊಟ್ಟರು. ಠಾಣೆಗೆ ಬರದಿದ್ದರೆ ಗಂಡನ ಮೇಲೆ ಅಪಹರಣದ ಕೇಸು ಎಂದು ತನಿಖಾಧಿಕಾರಿ ಫೋನಿನಲ್ಲಿ ಹೇಳಿದ್ದು ಸುಪ್ರೀಂ ಕೋರ್ಟಿನ ಮುಂದೆ ಬಂತು. 2021ರ ಫೆಬ್ರವರಿಯಲ್ಲಿ ಕೋರ್ಟು ಆ ಎಫ್‌ಐಆರ್ ರದ್ದು ಮಾಡಿತು. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದಿತು. ಆ ಅಧಿಕಾರಿಗೇ ಆಪ್ತಸಮಾಲೋಚನೆ ಕೊಡಿಸಿ ಎಂದಿತು. ಹೆಂಡತಿಯನ್ನು ತವರಿನಲ್ಲಿ ಕೂಡಿಹಾಕಿದ್ದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಆಕೆಯನ್ನು ಕೋರ್ಟಿನ ಮುಂದೆ ಹಾಜರುಪಡಿಸಲೇಬೇಕಾಗುತ್ತದೆ, ಎಲ್ಲಿರುತ್ತೀಯ ಎಂದು ಆಕೆಯನ್ನೇ ಕೇಳಲಾಗುತ್ತದೆ.

ಬೆದರಿಕೆಯ ವಾಟ್ಸ್ಆ್ಯಪ್ ಸಂದೇಶ, ಧ್ವನಿಮುದ್ರಿಕೆಗಳನ್ನು ಅಳಿಸಬೇಡಿ, ಅವು ಬಂದ ಫೋನನ್ನೂ ಮಾರಬೇಡಿ. ತುರ್ತಿಗೆ 112, ಮಹಿಳೆಯರಿಗೆ 181, ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ.

ಕೋರ್ಟಿನ ದಿನ ಬಂದೇಬಿಟ್ಟಿದೆ, ಬಾಗಿಲಲ್ಲಿ ಮಾವ ನಿಂತಿದ್ದಾರೆ, ಬಾಯಿ ಬರುತ್ತಿಲ್ಲ ಎನ್ನಿ. ಕೌಟುಂಬಿಕ ನ್ಯಾಯಾಲಯದಲ್ಲಿ ಇಬ್ಬರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು, 11ನೇ ಸೆಕ್ಷನ್ ಹಾಗೆ ಹೇಳುತ್ತದೆ. "ಸ್ವಾಮಿ, ನಾನು ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು" ಎಂದರೆ ಸಾಕು. ಕಡೆಯವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ನಿಮ್ಮ ಮಾತು ಕೇಳುತ್ತಾರೆ.